ಖರೀ ನಕ್ಕಲ್

"ಕೈ ತೊಳ್ಕೊಂಡು ಬನ್ನಿ," ಅಂದ ವಿಶ್ವ, ದೇವರ ಮನೆಗೆ ಕರೆಯೋ ಹಾಗೆ. ಹಾಲ್‌ಗೆ ಹೋದರೆ, ಹೋದ ವರ್ಷ ಹಿತ್ತಾಳೆ ಗ್ರಾಮಫೋನು ಇದ್ದ ಜಾಗದಲ್ಲಿ ಈಗ ತೇಗದ ಕಟ್ಟು ಹಾಕಿದ ಒಂದು ಕಂದು ಕಾಗದ. ಅದರ ಮೇಲೊಂದು ಪುಟ್ಟ ದೀಪ ಬೇರೆ.

"ಏನೋ ಇದು, ಮಂಗಳಾರತಿ ಯಾವಾಗ?" ಅಂದೆ.

"ಕೋರ್ಟ್ ಡಾಕ್ಯುಮೆಂಟು. ಪುಣೆ ಜಿಲ್ಲೆ, 1872. ಬ್ರಿಟಿಷರ ಕಾಲದ್ದು. ಸೈನ್ ಇರೋದು!" ಕೊನೇ ಮಾತನ್ನ ದನಿ ತಗ್ಗಿಸಿ ಹೇಳಿದ, ಗೋಡೆ ಕೇಳಿಸಿಕೊಂಡುಬಿಟ್ಟರೆ ಅನ್ನೋ ಹಾಗೆ.

"ನಮ್ಮಜ್ಜ ಹೇಳಿದ್ದು ಒಂದೇ ಮಾತು, ಕೋರ್ಟು ಹತ್ತಬೇಡ ಅಂತ. ನೀನು ಕೋರ್ಟನ್ನೇ ಗೋಡೆ ಹತ್ತಿಸಿದೀಯಲ್ಲೋ."

"ಗೆದ್ದವ ಸೋತ, ಸೋತವ ಸತ್ತ," ಅಂದರು ರಂಗಣ್ಣ ವಕೀಲರು, ಸೋಫಾದಿಂದ.

"ಚೌಕಟ್ಟು ಹಾಕಿಸಿದವನ ಗತಿ ಗಾದೇಲಿಲ್ಲ. ಎಷ್ಟು ಬಿತ್ತೋ?"

"ಹದಿನೆಂಟು ಸಾವಿರ."

ಈ ಖಾಯಿಲೆ ಇವನೊಬ್ಬನದಲ್ಲ. ಈಗ ಕಾಫಿ ಕುಡಿಯೋಕೆ ಹೋದರೂ ಅಷ್ಟೇ, ಹೋಮ್‌ಸ್ಟೇಗೆ ಹೋದರೂ ಅಷ್ಟೇ, ಗೋಡೆ ತುಂಬ ಛಾಪಾ ಕಾಗದ. ಯಾರೋ ಅಣ್ಣತಮ್ಮಂದಿರು ಹೊಡೆದಾಡಿ ಬರೆಸಿಕೊಂಡ ಪಾಲುಪಟ್ಟಿಯ ಕೆಳಗೆ ಕೂತು ನಾವು ಬಿಲ್ಲು ಪಾಲು ಮಾಡ್ಕೋತೀವಿ. ನಾನು ಚಿಕ್ಕವನಿದ್ದಾಗ ಇಂಥ ಹಳೇ ಕಾಗದ ಕಡಲೆಕಾಯಿ ಸುತ್ತಿಕೊಂಡು ಪುಕ್ಕಟೆ ಬರ್ತಿತ್ತು. ಒಳಗಿನ ಕಡಲೆಕಾಯಿಗಷ್ಟೇ ದುಡ್ಡು.

"ಸೈನು ಯಾರದ್ದು?"

"ಯಾರೋ ಇಂಗ್ಲಿಷ್ ಜಡ್ಜು. ಆ ಗತ್ತು ನೋಡು, ಆ ಬಾಲ ನೋಡು!"

ನೋಡಿದೆ. ಬಸವನಹುಳ ನಡುರಾತ್ರಿ ದಾರಿ ತಪ್ಪಿದ ಹಾಗಿತ್ತು.

ರಂಗಣ್ಣ ಗಂಟಲು ಸರಿಮಾಡಿಕೊಂಡರು. "ಕೆಳಗಿನ ಸಿವಿಲ್ ಕೋರ್ಟಲ್ಲಿ ಆಗಲೇ ನಮ್ಮೋರು ಕೂರ್ತಿದ್ರಯ್ಯ. 1871ರಲ್ಲಿ ಪುಣೆಗೆ ಫಸ್ಟ್ ಕ್ಲಾಸ್ ಸಬಾರ್ಡಿನೇಟ್ ಜಡ್ಜ್ ಆಗಿ ಬಂದೋರು ಮಹಾದೇವ ಗೋವಿಂದ ರಾನಡೆ."

ವಿಶ್ವನ ಮುಖದಲ್ಲಿ ಸಾಹೇಬ ಸತ್ತು, ಅದೇ ಕ್ಷಣ ರಾನಡೆ ಹುಟ್ಟಿದರು. "ಹಂಗಾದ್ರೆ ಇದು ರಾನಡೆ ಸೈನಾ? ರೇಟು ಡಬಲ್ ಆಗುತ್ತೇನೋ!"

ಆ ಹೊತ್ತಿಗೆ ಧಾರವಾಡದ ಕುಲಕರ್ಣಿ ಮಾಸ್ತರು ಬಂದರು. ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗೋ ಹಾಗೆ ನಿಂತರು. ಗಾಜಿನ ಮೇಲೆ ಉಸಿರಿನ ಮಬ್ಬು ಬರೋದು, ಹೋಗೋದು. ಪ್ರತಿ ಸಲ ಮಬ್ಬು ಬಂದಾಗಲೂ ವಿಶ್ವ ಕರವಸ್ತ್ರ ಮುಟ್ಟಿಕೊಳ್ತಿದ್ದ.

"ಮೋಡಿ ಅದ ಇದು, ಮರಾಠಿ ಬರಿಯೂ ಹಳೇ ಲಿಪಿ. ಮೊದಲ ಉದ್ದಕ್ಕ ಒಂದು ಗೆರಿ ಎಳಕೋಬೇಕು, ಆಮ್ಯಾಲ ಅದಕ್ಕ ಜೋತುಬಿದ್ದಂಗ ಬರಕೋತ ಹೋಗಬೇಕು. ಲೇಖಣಿಕಿ ಎತ್ತೂ ಹಂಗಿಲ್ಲ."

"ಉಸಿರು ಬಿಡಬಹುದಾ?" ಅಂದೆ.

"ಸೈನ್ ಓದಿ ಮಾಸ್ತರೇ, ಸೈನು!"

"ಸೈನಿನ ಮ್ಯಾಲ ಎರಡು ಶಬ್ದ ಅವ. ಖರೀ ನಕ್ಕಲ್."

"ನಕಲಿಯಾ!" ವಿಶ್ವ ಕುರ್ಚಿ ಹಿಡ್ಕೊಂಡ. ಅಡುಗೆಮನೆಯಿಂದ ಲಲಿತಮ್ಮನ ದನಿ ಬಂತು: "ನಾನು ಅವತ್ತೇ ಹೇಳಿದ್ದೆ."

"ನಕಲಿ ಅಲ್ಲೋ ಮಾರಾಯಾ, ನಕಲು. ಅಸಲಿಗೆ ತಾಳಿ ನೋಡಿದ ಪ್ರತಿ ಅಂತ ಅರ್ಥ. ಇಲ್ಲಿ ಸಹಿ ಮಾಡಿದಾಂವ ಜಡ್ಜ್ ಅಲ್ಲ. ಕಾರಕೂನ."

"ಅಂದ್ರೆ ಅಪ್ಪಟ ನಕಲು," ಅಂದೆ. "ತಾನು ನಕಲು ಅಂತ ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ವಸ್ತು ಈ ಮನೆಗೆ ಬಂದದ್ದು ಇದೇ ಮೊದಲು. ಆ ಗ್ರಾಮಫೋನು ಒಪ್ಪಿಕೊಂಡಿತ್ತಾ?"

"ನೂರೈವತ್ತು ವರ್ಷ ಆದಮೇಲೆ ನಕಲೂ ಅಸಲೇ!" ಅಂದ ವಿಶ್ವ.

ವಕೀಲರು ಅವನ ಕಡೆಗೇ ವಾದ ಮಾಡಿದರು, ಫೀಸಿಲ್ಲದೆ. 1972ರ ಪುರಾವಸ್ತು ಕಾಯಿದೆ ಪ್ರಕಾರ ಚಾರಿತ್ರಿಕ ಬೆಲೆಯುಳ್ಳ ದಾಖಲೆಗೆ 75 ವರ್ಷ ತುಂಬಿದ್ದರೆ ಸಾಕು, ಅದು ಪುರಾವಸ್ತು. ಖಾಸಗಿಯವರು ಪರದೇಶಕ್ಕೆ ಕಳಿಸೋ ಹಾಗಿಲ್ಲ.

"ಪರದೇಶ ಇರಲಿ ಸ್ವಾಮಿ, ಇದನ್ನ ಎದುರು ಮನೆಗೂ ಕಳಿಸೋಕಾಗಲ್ಲ. ಕೋರ್ಟಿನ ಕಾಗದ ಹೊರಗೆ ಬಂದದ್ದಾದರೂ ಹೇಗೆ?"

"ಹಳೇ ಕಡತ ವಿಲೇವಾರಿ ಮಾಡೋಕೆ ಅಂತಲೇ 1917ರ ಕಾಯಿದೆ ಇದೆ. ಆದರೆ ಇದು ನಕಲಲ್ವೇ, ದುಡ್ಡು ಕಟ್ಟಿದ ಕಕ್ಷಿಗಾರ ಮನೆಗೇ ಒಯ್ದಿರ್ತಾನೆ. ಅವನ ಮೊಮ್ಮಗ ರದ್ದಿಗೆ ಹಾಕಿರ್ತಾನೆ."

"ಇವನ ಮೊಮ್ಮಗನೂ ಹಾಕ್ತಾನೆ, ಬಿಡಿ."

"ಅಲ್ಲಾ ಮಾಸ್ತರೇ," ವಿಶ್ವ ಸೋಲೊಪ್ಪಲಿಲ್ಲ, "ಆ ಮೂಲೇಲೊಂದು ಗುರುತಿದೆ ನೋಡಿ. ಯಾವುದೋ ಗುಪ್ತ ಸಂಘದ ಚಿಹ್ನೆ ಇರಬಹುದು ಅಂದಿದ್ದ ಮಾರಿದವನು."

ಮಾಸ್ತರು ಬಗ್ಗಿದರು. ಈ ಸಲ ಬಹಳ ಹೊತ್ತು ಏಳಲಿಲ್ಲ.

"ಇದು ಕರ್ಜಿನ ರೋಖೆ, ಅಂದ್ರ ಸಾಲಪತ್ರ. ಐವತ್ತು ರೂಪಾಯಿ ಸಾಲ, ತಿಂಗಳಿಗೆ ನೂರಕ್ಕ ಎರಡು ರೂಪಾಯಿ ಬಡ್ಡಿ. ಸಾಹುಕಾರ ದಾವೆ ಹಾಕಿದಾಗ ನಕಲು ತೆಗೆಸ್ಯಾರ. ಇನ್ನ ಈ ಗುರುತು... ನೇಗಿಲಪಾ ಇದು. ಅಕ್ಷರ ಬಾರದ ರೈತ ಸಹಿ ಬದಲಿ ನೇಗಿಲಾ ಬರೀತಿದ್ದ."

ನಾವೂ ಎದ್ದು ಹೋದೆವು. ಮೇಲಿನ ಅಕ್ಷರವೆಲ್ಲ ದಾರಕ್ಕೆ ಪೋಣಿಸಿದ ಹಾಗೆ, ಒಂದೂ ಕೆಳಗೆ ಬಿದ್ದಿಲ್ಲ. ನೇಗಿಲು ಮಾತ್ರ ಗಾಳಿಗೆ ಮುರಿದ ಛತ್ರಿ. ಈಸು ಎಲ್ಲೋ, ಮೇಣಿ ಎಲ್ಲೋ. ಗುಳ ಇರಬೇಕಾದ ಕಡೆ ಮಸಿ ಮಡುಗಟ್ಟಿ, ಕಾಗದ ತಿಂದು ಸಣ್ಣ ತೂತಾಗಿತ್ತು.

"ಕಾರಕೂನ ನೇಗಿಲನ್ನೂ ನಕಲು ಹೊಡೆದಿದಾನೆ," ಅಂದೆ. "ಜನ್ಮದಲ್ಲಿ ಮೇಣಿ ಹಿಡಿದವನಲ್ಲ ಪಾಪ. ಇಡೀ ಕಾಗದದಲ್ಲಿ ತಪ್ಪು ಅಂತಿದ್ದರೆ ಇದೊಂದೇ."

"ಅಸಲಿ ನೇಗಿಲು ಎಲ್ಲಿದೆಯೋ," ಅಂದ ವಿಶ್ವ. ಮೊದಲ ಸಲ ರೇಟು ಕೇಳಲಿಲ್ಲ.

"ಇನ್ನು ಮೂರು ವರ್ಷ ಕಳೆದರೆ 1875," ಅಂದರು ರಂಗಣ್ಣ. "ಮೇ ತಿಂಗಳಲ್ಲಿ ಅದೇ ಪುಣೆ ಜಿಲ್ಲೆ ಸೂಪೆಯಲ್ಲಿ ರೈತರು ಸಾಹುಕಾರರ ಮೇಲೆ ಎದ್ದರು. ಅಹಮದ್‌ನಗರದ ಕಡೆಗೂ ಹಬ್ಬಿತು. ಅವರಿಗೆ ಬೇಕಾಗಿದ್ದದ್ದು ಚಿನ್ನ ಅಲ್ಲ, ಕಾಗದ. ಪತ್ರ, ಡಿಕ್ರಿ, ಸಿಕ್ಕಿದ್ದನ್ನೆಲ್ಲ ಸುಟ್ಟರು. ಆಮೇಲೆ 1879ರಲ್ಲಿ ಸರ್ಕಾರ ರೈತರ ಸಾಲಕ್ಕೆ ಅಂತಲೇ ಒಂದು ಕಾಯಿದೆ ತಂತು."

ಯಾರೂ ಮಾತಾಡಲಿಲ್ಲ. ಬೆಂಕಿಗೂ ತಪ್ಪಿಸಿಕೊಂಡು, ರದ್ದಿಗೂ ತಪ್ಪಿಸಿಕೊಂಡು, ಆ ಐವತ್ತು ರೂಪಾಯಿ ಬಂದು ಇವನ ಹಾಲ್‌ನಲ್ಲಿ ದೀಪದ ಕೆಳಗೆ ಕೂತಿತ್ತು. ಬಿಸಿಲು ತಾಗದಂಥ ಗಾಜು ಅಂತೆ ಅದು. ಗಾಜಿಗೇ ಮೂರು ಸಾವಿರ.

"ಹದಿನೆಂಟು ಸಾವಿರ ಹೆಂಗೆ ಕೊಟ್ಟೆ?" ಅಂದೆ, ಸುಮ್ಮನೆ.

"ಕ್ರೆಡಿಟ್ ಕಾರ್ಡು."

"ತೀರಿಸಿದೀಯಾ?"

"ಮಿನಿಮಮ್ ಕಟ್ಕೊಂಡು ಬರ್ತಿದೀನಿ." ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು.

"ಬಡ್ಡಿ?"

"ತಿಂಗಳಿಗೆ ಮೂರೂವರೆ ಪರ್ಸೆಂಟು."

"ಆ ಸಾಹುಕಾರ ಎರಡೇ ಕೇಳಿದ್ದ ಕಣೋ. ಇನ್ನೂ ಬದುಕಿದ್ದರೆ ಅವನ ಹತ್ರಾನೇ ತಗೋಬಹುದಿತ್ತು."

ಕರೆಗಂಟೆ ಹೊಡೀತು. ಬಾಗಿಲಲ್ಲಿ ಹೆಲ್ಮೆಟ್ ಹಾಕಿದ ಹುಡುಗ, ಕೈಯಲ್ಲಿ ಉದ್ದನೆ ಕೊಳವೆ. ವಿಶ್ವ ನಮ್ಮ ಕಡೆ ತಿರುಗಲಿಲ್ಲ. "ಅದು... ಅದರ ಜೋಡಿದು," ಅಂದ. "ಡಿಕ್ರಿ. ಆಫರ್‌ನಲ್ಲಿತ್ತು."

"ಸಾರ್, ಇಲ್ಲೊಂದು ಸೈನು," ಹುಡುಗ ಫೋನ್ ಚಾಚಿದ.

ವಿಶ್ವ ಬೆರಳಲ್ಲಿ ಗೀಚಿದ. ಗೆರೆ ಅರ್ಧಕ್ಕೆ ನಿಂತಿತು, ಮತ್ತೆ ಗೀಚಿದ, ಅಡ್ಡಕ್ಕೊಂದು ಕಡ್ಡಿ ಬಿತ್ತು. ಕುಲಕರ್ಣಿ ಮಾಸ್ತರು ಅವನ ಹೆಗಲ ಮೇಲಿಂದ ಬಗ್ಗಿ ಕನ್ನಡಕ ಹಣೆಗೇರಿಸಿದರು.

"ಇದು ನನಗೂ ಓದ್ಲಿಕ್ಕೆ ಬರೂದಿಲ್ಲ ನೋಡಪಾ."