42 ಜನರ ಫೈಲ್, 43 ಸಾಲು ಬರುತ್ತಿದೆ, ಹೆಸರುಗಳ ಬಾಲದಲ್ಲಿ ಕಸ. ಸಿ ಗೊತ್ತಿರುವವರು ನೋಡಿ

ಹಾಲಿನ_ಲೆಕ್ಕ
ಮೂರು ದಿನದಿಂದ ಇದರಲ್ಲೇ ಕೂತಿದ್ದೇನೆ, ತಲೆ ಕೆಟ್ಟು ಹೋಗಿದೆ. ಅಪ್ಪ ನಮ್ಮೂರ ಡೇರಿಯಲ್ಲಿ ಬೆಳಗಿನ ಹಾಲಿನ ಲೆಕ್ಕ ಬರೆಯುತ್ತಾರೆ. ಅದನ್ನು ಟೆಕ್ಸ್ಟ್ ಫೈಲಿಗೆ ಹಾಕಿ ಸಿ ಪ್ರೋಗ್ರಾಮಿನಲ್ಲಿ ಓದಿಸುತ್ತಿದ್ದೇನೆ. ಸಾಲಿಗೆ ಒಬ್ಬರು: ನಂಬರು, ಹೆಸರು, ಲೀಟರು. ಇರುವುದು 42 ಜನ, ಬರುವುದು 43. ಕೊನೆಯ ಸಾಲು ಬರೀ ಸೊನ್ನೆ. ಕೆಲವು ಹೆಸರುಗಳ ಕೊನೆಯಲ್ಲಿ ಕಸ ಬೇರೆ. ಒಟ್ಟು ಲೀಟರ್ ಮಾತ್ರ ಸರಿಯಾಗಿದೆ. ಮೇಷ್ಟ್ರು ಕೊಟ್ಟ ಮಾರ್ಕ್ಸ್ ಫೈಲಿಗೆ ಇದೇ ಕೋಡ್ ಚೆನ್ನಾಗಿ ಓಡಿತ್ತು. ಉಬುಂಟು ಲಿನಕ್ಸ್, ಕಂಪೈಲರ್ ಜಿಸಿಸಿ. ಕೋಡಿನ ಫೋಟೋ ಹಾಕಿದ್ದೇನೆ.

ಬಿಟ್_ಬೋರ್ಡು
ಫೋಟೋ ಮಸುಕಾಗಿದೆ. ಆದರೂ ಹೇಳುತ್ತೇನೆ, ಲೂಪಿನಲ್ಲಿ ಫೈಲ್ ಮುಗಿಯಿತಾ ಅಂತ ಕೇಳುವ ಎಫ್‌ಇಓಎಫ್ ಇದೆ ಅಲ್ವಾ? ಎಲ್ಲರೂ ಎಡವುವುದು ಅಲ್ಲೇ. ಮುಂದೆ ಡೇಟಾ ಇದೆಯೋ ಇಲ್ಲವೋ ಅಂತ ಅದು ಇಣುಕಿ ನೋಡುವುದಿಲ್ಲ. ಓದಲು ಹೋಗಿ ಫೈಲಿನ ಕೊನೆ ತಗುಲಿದ ಮೇಲೆ ಮಾತ್ರ ನಿಜ ಅನ್ನುತ್ತದೆ. ನಿಮ್ಮ ಫೈಲಿನ ಕೊನೆಗೆ ಒಂದು ಎಂಟರ್ ಇರುತ್ತದೆ, ಅದು ಉಳಿದದ್ದಕ್ಕೆ ಲೂಪ್ ಇನ್ನೊಂದು ಸುತ್ತು ಹೋಯಿತು; ಮೇಷ್ಟ್ರ ಫೈಲಿನಲ್ಲಿ ಇರಲಿಕ್ಕಿಲ್ಲ. ಅದಕ್ಕೇ ಅಲ್ಲಿ ಸರಿ ಬಂತು. ಸಾಲು ಓದುವ ಎಫ್‌ಸ್ಕ್ಯಾನ್‌ಎಫ್ 3 ಕೊಟ್ಟರೆ, ಅಂದರೆ ಮೂರೂ ಸಿಕ್ಕರೆ ಮಾತ್ರ ಮುಂದೆ ಹೋಗಿ, ಇಲ್ಲದಿದ್ದರೆ ಲೂಪ್ ನಿಲ್ಲಿಸಿ.

ಹಾಲಿನ_ಲೆಕ್ಕ
43 ಹೋಗಿ 42 ಆಯಿತು, ಥ್ಯಾಂಕ್ಸ್. ಹೆಸರಿನ ಕಸ ಹಾಗೇ ಇದೆ.

ಬಿಟ್_ಬೋರ್ಡು
ಹಾಗಾದರೆ ಇನ್ನೆಲ್ಲೋ ಎಫ್‌ಇಓಎಫ್ ಉಳಿದಿದೆ. ಹುಡುಕಿ.

ಹಾಲಿನ_ಲೆಕ್ಕ
ಇಲ್ಲ ಸರ್. ಇದ್ದದ್ದು ಒಂದೇ, ತೆಗೆದಿದ್ದೇನೆ.

ಬಿಟ್_ಬೋರ್ಡು
ಪ್ರಿಂಟ್ ಮಾಡುವ ಲೂಪ್ ನೋಡಿದಿರಾ? ಹತ್ತರಲ್ಲಿ ಒಂಬತ್ತು ಸಲ ಇದೇ ಆಗಿರುತ್ತದೆ.

ರಾತ್ರಿಪಾಳಿ
ಸುಮ್ನೆ ಊಹೆ ಯಾಕೆ? ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರೈಂಡ್ ಹಾಕಿ. ನಾನು ಎಡಗಡೆ ಮಾನಿಟರಿನಲ್ಲಿ ವಿಮ್ ಎಡಿಟರ್, ಬಲಗಡೆ ಜಿಡಿಬಿ (ಓಡುವ ಪ್ರೋಗ್ರಾಮಿನ ಒಳಗೆ ನೋಡುವ ಡೀಬಗರ್) ಇಟ್ಟುಕೊಂಡೇ ಕೂರುತ್ತೇನೆ. ಸೇವ್ ಮಾಡಿದ ಕೂಡಲೇ ಮೇಕ್ ಓಡುತ್ತದೆ, ಹಿಂದೆಯೇ ವಾಲ್‌ಗ್ರೈಂಡ್. 32 ಜಿಬಿ ರ‍್ಯಾಮ್ ಹಾಕಿಸಿದ ಮೇಲೆ ಕಾಯುವ ಮಾತೇ ಇಲ್ಲ.

ಹಾಲಿನ_ಲೆಕ್ಕ
ಹಾಕಿದೆ. ಶೂನ್ಯ ತಪ್ಪು ಅನ್ನುತ್ತದೆ. ನನ್ನದು 4 ಜಿಬಿ.

ನೀಲಿಪರದೆ
ನಾವು ಕಲಿತದ್ದು ಟರ್ಬೊ ಸಿಯಲ್ಲಿ. ಎಫ್7 ಒತ್ತುತ್ತಾ ಒಂದೊಂದೇ ಸಾಲು ನಡೆಸಬಹುದಿತ್ತು. ಹೊಸಬರಿಗೆ ಅದೇ ಒಳ್ಳೆಯದು.

ರಾತ್ರಿಪಾಳಿ
1987ರ ಕಂಪೈಲರ್ ಈಗ ಯಾಕೆ? ಅದರಲ್ಲಿ ಇಂಟ್ (ಪೂರ್ಣಾಂಕ) 16 ಬಿಟ್. 32767 ದಾಟಿದರೆ ಮೈನಸ್ಸಿಗೆ ಹೋಗುತ್ತದೆ. ಅದರ ಕಾನಿಯೋ ಲೈಬ್ರರಿ ಅಭ್ಯಾಸವಾದವರು ಲಿನಕ್ಸಿಗೆ ಬಂದು ಒದ್ದಾಡುವುದನ್ನು ನೋಡಿದ್ದೇನೆ.

ನೀಲಿಪರದೆ
ನಾನು ಒದ್ದಾಡಲಿಲ್ಲ. ಪಾಯಿಂಟರ್ ಅರ್ಥವಾದದ್ದೇ ಆ ನೀಲಿ ಪರದೆಯಲ್ಲಿ.

ಒತ್ತಕ್ಷರ
ಕಂಪೈಲರ್ ಮಾತು ಆಮೇಲೆ ಆಡಿ. ಹಾಲಿನ_ಲೆಕ್ಕ, ಕಸ ಬರುವ ಎರಡು ಸಾಲು, ಬಾರದ ಎರಡು ಸಾಲು ಫೈಲಿನಿಂದ ಹಾಗೇ ಹಾಕಿ. ಕಸ ಅಂದರೆ ಏನು ಕಾಣುತ್ತದೆ ಅಂತಲೂ ಹೇಳಿ.

ಹಾಲಿನ_ಲೆಕ್ಕ
3 ಗೌರಮ್ಮ 4.0
4 ಮಂಜುನಾಥ 5.2
5 ರಾಮಣ್ಣ 7.5
6 ಸುಮಿತ್ರ 6.5
ಗೌರಮ್ಮ, ರಾಮಣ್ಣ ಸರಿ ಬರುತ್ತಾರೆ. ಮಂಜುನಾಥನಿಗೆ ‘ಮಂಜುನಾ’ ಆದ ಮೇಲೆ ಒಂದು ಚೌಕ, ಎರಡು ಸಣ್ಣ ಎಫ್, ಮತ್ತೆ ಚೌಕ, ಕೊನೆಗೆ ಈಮೇಲಿನಲ್ಲಿ ಬರುವ ಅಟ್ ಚಿಹ್ನೆ. ಸುಮಿತ್ರನಿಗೆ ‘ಸುಮಿತ್’ ಆದ ಮೇಲೆ ಬರೀ ಚೌಕ.

ಬಿಟ್_ಬೋರ್ಡು
ಹೆಸರು ಕನ್ನಡದಲ್ಲಿವೆಯಾ! ಮೊದಲೇ ಹೇಳಬಾರದಿತ್ತಾ?

ಹಾಲಿನ_ಲೆಕ್ಕ
ಅಪ್ಪ ಓದಬೇಕಲ್ಲ ಸರ್, ಇನ್ಯಾವ ಭಾಷೆಯಲ್ಲಿ ಹಾಕಲಿ?

ನೀಲಿಪರದೆ
ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುತ್ತೀರಿ. ಯೂನಿಕೋಡಿಗೆ ಬದಲಾಯಿಸಿ.

ಒತ್ತಕ್ಷರ
ಹಳೆಯ ನುಡಿ ಫಾಂಟ್ ಆಗಿದ್ದರೆ ಟರ್ಮಿನಲ್‌ನಲ್ಲಿ ಗೌರಮ್ಮನೂ ಓದಲು ಬರುತ್ತಿರಲಿಲ್ಲ. ಇದು ಯೂನಿಕೋಡೇ. ಫೋಟೋ ದೊಡ್ಡದು ಮಾಡಿ ನೋಡಿದೆ: ಹೆಸರಿಗೆ ಚಾರ್ 20, ಅಂದರೆ 20 ಬೈಟ್ ಜಾಗ ಇಟ್ಟಿದ್ದೀರಿ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್. ಕೊಂಬು, ಸೊನ್ನೆ, ದೀರ್ಘ ಎಲ್ಲವೂ ಬೇರೆ ಬೇರೆ ಲೆಕ್ಕ. ಗೌರಮ್ಮ 6 ಗುರುತು, 18 ಬೈಟ್. ಹೆಸರು ಮುಗಿಯಿತು ಅನ್ನುವ ಕೊನೆಯ ಶೂನ್ಯ ಬೈಟ್ ಸೇರಿ 19, ಹಿಡಿಯಿತು. ಮಂಜುನಾಥ 7 ಗುರುತು, 21 ಬೈಟ್, ಶೂನ್ಯ ಸೇರಿ 22. ಎರಡು ಬೈಟ್ ಪಕ್ಕದ ಲೀಟರಿನ ಜಾಗಕ್ಕೆ ಚೆಲ್ಲಿತು. ಆಮೇಲೆ ಲೀಟರ್ ಓದಿದಾಗ ಅದರ ಮೇಲೇ ಬರೆಯಿತು. ‘ಥ’ದ ಮೂರನೇ ಬೈಟೂ ಹೋಯಿತು, ಹೆಸರನ್ನು ಮುಗಿಸುವ ಶೂನ್ಯವೂ ಹೋಯಿತು. ಲೀಟರ್ ಮಾತ್ರ ಸರಿಯಾಗಿ ಕೂತಿತು. ನಿಮ್ಮ ಒಟ್ಟು ತಪ್ಪದೇ ಇದ್ದದ್ದು ಅದಕ್ಕೆ.

ಈಗ ಆ ಎರಡು ಎಫ್. 5.2ನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ ಇಟ್ಟರೆ ಮೆಮೊರಿಯಲ್ಲಿ ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) ಬರುವುದು 66 66 ಎ6 40. ಹೆಕ್ಸ್ 66 ಅಂದರೆ ಸಣ್ಣ ಎಫ್, 40 ಅಂದರೆ ಅಟ್ ಚಿಹ್ನೆ. ನೀವು ನೋಡುತ್ತಿರುವ ಕಸ ಮಂಜುನಾಥನ ಹಾಲೇ. ಸುಮಿತ್ರನ 6.5 ಶುರುವಾಗುವುದೇ 00ಯಿಂದ, ಹಾಗಾಗಿ ಹೆಸರು ಅಲ್ಲಿಗೇ ನಿಂತಿತು. ಜಿಡಿಬಿಯಲ್ಲಿ ಮೆಮೊರಿ ತೋರಿಸುವ ಎಕ್ಸ್ ಕಮಾಂಡ್ ಕೊಟ್ಟು ಒಂದು ಸ್ಟ್ರಕ್ಟಿನ (ಒಬ್ಬರ ನಂಬರು, ಹೆಸರು, ಲೀಟರು) 28 ಬೈಟ್ ನೀವೇ ನೋಡಿ. ಎಲ್ಲರ ಸ್ಟ್ರಕ್ಟ್ ಇರುವ ಅರೇ ಗ್ಲೋಬಲ್ ಆಗಿದೆ, ಬರೆದದ್ದೂ ಅದರ ಒಳಗೇ. ಅದಕ್ಕೇ ವಾಲ್‌ಗ್ರೈಂಡ್ ಹಿಡಿಯಲಿಲ್ಲ. ಚಾರ್ 64 ಮಾಡಿ, ಓದುವಾಗ ಪರ್ಸೆಂಟ್ ಎಸ್ ಬದಲು ಪರ್ಸೆಂಟ್ 63 ಎಸ್ ಹಾಕಿ. ಆ 63 ಬಿಡಬೇಡಿ, ಓದುವುದನ್ನು 63 ಬೈಟಿಗೇ ನಿಲ್ಲಿಸುವುದು ಅದೇ; ಉದ್ದದ ಹೆಸರು ಇನ್ನೊಂದು ಬಂದೇ ಬರುತ್ತದೆ.

ಹಾಲಿನ_ಲೆಕ್ಕ
ಜಿಡಿಬಿಯಲ್ಲಿ 66 66 ಎ6 40 ಕಣ್ಣಾರೆ ನೋಡಿದೆ. ಎಷ್ಟು ಖುಷಿಯಾಯಿತು ಅಂದರೆ ಅಮ್ಮನನ್ನು ಕರೆದು ತೋರಿಸಿದೆ. 64 ಹಾಕಿದ ಮೇಲೆ ಲಕ್ಷ್ಮೀನಾರಾಯಣನೂ ಪೂರ್ತಿ ಬಂದ. ಆದರೆ ಕಾಲಮ್ ನೆಟ್ಟಗೆ ನಿಲ್ಲುತ್ತಿಲ್ಲ, ಪ್ರಿಂಟ್ ಮಾಡುವಾಗ ಹೆಸರಿಗೆ 20 ಜಾಗ ಬಿಡಲು ಪರ್ಸೆಂಟ್ ಮೈನಸ್ 20 ಎಸ್ ಹಾಕಿದ್ದೇನೆ.

ಒತ್ತಕ್ಷರ
ಪ್ರಿಂಟ್‌ಎಫ್ ಕೂಡ ಬೈಟ್ ಎಣಿಸುತ್ತದೆ. ಗೌರಮ್ಮ ಪರದೆಯಲ್ಲಿ ಮೂರೇ ಅಕ್ಷರ, ಅದಕ್ಕೆ 18. ಸದ್ಯಕ್ಕೆ ಹೆಸರನ್ನು ಸಾಲಿನ ಕೊನೆಗೆ ಹಾಕಿ.

ನೀಲಿಪರದೆ
ಟರ್ಬೊ ಸಿಯಲ್ಲಿ ಕರ್ಸರನ್ನು ಬೇಕಾದಲ್ಲಿಗೆ ಒಯ್ಯುವ ಗೋಟುಎಕ್ಸ್‌ವೈ ಇತ್ತು.

ರಾತ್ರಿಪಾಳಿ
ಎನ್‌ಕರ್ಸಸ್ ಇದೆ, ಲಿನಕ್ಸಿನಲ್ಲಿ ಅದೇ ಕೆಲಸಕ್ಕೆ. ಬೇರೆ ಥ್ರೆಡ್ ತೆಗೆಯಿರಿ.

ಹಾಲಿನ_ಲೆಕ್ಕ
ಹೆಸರನ್ನು ಕೊನೆಗೆ ಹಾಕಿದೆ. ಬೆಳಗ್ಗೆ ಅಪ್ಪ ಪಟ್ಟಿ ನೋಡಿದರು. ಸುಮಿತ್ರಕ್ಕ ಹಾಕಿದ್ದು 5.6, ನೀನು 6.5 ಬರೆದಿದ್ದೀಯ ಅಂದರು. ಫೈಲ್ ತಿದ್ದಿದ್ದೇನೆ.