ಬಾಡಿಗೆ ಅಂಗಡಿಯಲ್ಲಿ ಸಿಗದ ವೇಷಗಳು

ಹಾಸನದಿಂದ ಒಬ್ಬ ಅಮ್ಮ:
ಮಗಳು ಆರನೇ ಕ್ಲಾಸು. ಮುಂದಿನ ತಿಂಗಳು ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ ಇದೆ. ಈ ಸಲ ದೇವರು ಬೇಡ, ಓಬವ್ವ-ಚೆನ್ನಮ್ಮ ಬೇಡ, ಕಥೆ ಅಥವಾ ಸಿನಿಮಾದ ಪಾತ್ರವೇ ಆಗಬೇಕು, ಕನ್ನಡದ್ದಾದರೆ ಒಳ್ಳೆಯದು ಎಂದಿದ್ದಾರೆ. ಬಾಡಿಗೆ ಅಂಗಡಿಯಲ್ಲಿ ಕೇಳಿದರೆ ಹ್ಯಾರಿ ಪಾಟರ್ ಕನ್ನಡಕ ತೋರಿಸಿದರು. ನೀವು ಯಾರಾದರೂ ಮಾಡಿಸಿದ್ದೀರಾ?

ಮೂಡಿಗೆರೆ ಕಡೆಯಿಂದ:
ನಮ್ಮ ಹುಡುಗ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಮಂದಣ್ಣ ಆಗಿದ್ದ. ಮೊದಲು ಕರ್ವಾಲೊನೇ ಆಗ್ತೀನಿ ಅಂತ ಹಟ. ವಿಜ್ಞಾನಿ ಅಂದರೆ ಬಿಳಿ ಕೋಟು ಅಂತ ಅವನ ಲೆಕ್ಕ. ಅದನ್ನು ಹಾಕಿಕೊಂಡು ನಿಂತರೆ ಡಾಕ್ಟರ್ ಅಂದುಕೊಳ್ಳುತ್ತಾರೆ ಅಷ್ಟೇ. ಮಂದಣ್ಣನಿಗಾದರೆ ಕೈಗೆ ಕೆಲಸ ಇದೆ, ಜೇನಿನವನು. ಮನೆಯ ಹಳೇ ಜೇನುಪೆಟ್ಟಿಗೆಯಿಂದ ಒಂದು ಖಾಲಿ ಫ್ರೇಮು ತೆಗೆದುಕೊಟ್ಟೆವು. ಅದನ್ನು ಬೆಳಕಿಗೆ ಹಿಡಿದು ರಾಣಿ ಎಲ್ಲಿದೆ ಅಂತ ಹುಡುಕುತ್ತಾ ಬರಬೇಕು. ಮುಖದ ಹತ್ತಿರ ಹುಳ ಬಂದರೆ ಕೈ ಬೀಸಬಾರದು, ಸುಮ್ನೆ ನಿಲ್ಲಬೇಕು. ಇದನ್ನೆಲ್ಲ ಅವನ ಅಜ್ಜ ಹೇಳಿಕೊಟ್ಟರು. ಆ ಕಥೆಯ ಹಾರುವ ಓತಿ ಕಂಡವನ ಹಾಗೆ ಮರದ ಕಡೆ ಬೆರಳು ತೋರಿಸಿದ್ದೇ ತಡ, ಹಿಂದಿನ ಸಾಲಿನಿಂದ ಯಾರೋ ಹೆಸರು ಕೂಗಿಬಿಟ್ಟರು! 1980ರ ಪುಸ್ತಕ, ಓದಿದ ಅಪ್ಪ-ಅಮ್ಮಂದಿರು ಜಾಸ್ತಿ ಇರುತ್ತಾರೆ. ಮನೆಯಲ್ಲಿ ಚಿಕ್ಕದೊಂದು ಇದ್ದರೆ ಅದೇ ಕಥೆಯ ‘ಕಿವಿ’ ಅನ್ನೋ ನಾಯಿ ಮಾಡಿ ಜೊತೆಗೆ ಕಳಿಸಿ.

ಚಿಕ್ಕಮಗಳೂರಿನಿಂದ:
ಯಾರೇ ಆಗಲಿ, ಕೊರಳಿಗೆ ಹೆಸರಿನ ಬೋರ್ಡು ಮಾತ್ರ ತಗುಲಿಸಬೇಡಿ. ಬೋರ್ಡು ಓದಿಬಿಟ್ಟರೆ ಆಮೇಲೆ ಮಗುವನ್ನು ಯಾರೂ ನೋಡುವುದಿಲ್ಲ.

ಚನ್ನರಾಯಪಟ್ಟಣದಿಂದ:
ಹೆಣ್ಣುಮಗು ಅಂದಿರಲ್ಲ, ನಂಜಮ್ಮನನ್ನು ಯಾಕೆ ಬಿಡುತ್ತೀರಿ? ಭೈರಪ್ಪನವರು ನಮ್ಮ ತಾಲ್ಲೂಕಿನ ಸಂತೇಶಿವರದವರು. ಅವರ ‘ಗೃಹಭಂಗ’ ಕಾದಂಬರಿಯಲ್ಲಿ ಶ್ಯಾನುಭೋಗಿಕೆ, ಅಂದರೆ ಊರಿನ ಕಂದಾಯದ ಲೆಕ್ಕ ಇಡುವ ಕೆಲಸ, ಗಂಡ ಚೆನ್ನಿಗರಾಯನ ಹೆಸರಿನಲ್ಲಿ, ಲೆಕ್ಕ ಬರೆಯುವವಳು ನಂಜಮ್ಮ. ನಮ್ಮಕ್ಕನ ಮಗಳಿಗೆ ಅದನ್ನೇ ಮಾಡಿಸಿದ್ದೆವು. ಅಜ್ಜಿಯ ಹತ್ತಿ ಸೀರೆ, ಉದ್ದನೆಯ ಲೆಕ್ಕದ ಪುಸ್ತಕ, ಒಂದು ರೂಲುದೊಣ್ಣೆ. ನೆಲದ ಮೇಲೆ ಕೂತು ಗೆರೆ ಎಳೆಯುತ್ತಾ ಕಂದಾಯದ ಬಾಕಿ ಗಟ್ಟಿಯಾಗಿ ಓದಿದಳು. ಸೀರೆ ಉಡಿಸುವ ಮೊದಲು ಕಾಸರವಳ್ಳಿಯವರ ‘ಗೃಹಭಂಗ’ ಧಾರಾವಾಹಿಯ ಒಂದೆರಡು ಕಂತು ನೋಡಿ. ಪ್ಲೇಗು, ಸಾವು ಎಲ್ಲ ಈ ವಯಸ್ಸಿಗೆ ಭಾರ. ಲೆಕ್ಕ ಬರೆಯುವ ಭಾಗ ಓದಿ ಹೇಳಿದರೆ ಸಾಕು.

ಸಕಲೇಶಪುರದಿಂದ:
ಖರ್ಚಿಲ್ಲದ್ದು ಬೇಕಾದರೆ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸ್ವಾಮಿ. ಆಗುಂಬೆಯಲ್ಲಿ ಶಂಕರ್ ನಾಗ್ ತೆಗೆದದ್ದು, ಗೊತ್ತಿಲ್ಲದವರು ಯಾರು? ಚಡ್ಡಿ, ಟೋಪಿ, ಸ್ಲೇಟು, ಮುಗೀತು. ಹೆಡ್‌ಮಾಸ್ಟರ ಬೆತ್ತ ಕಿತ್ತುಕೊಂಡು ಎಸೆಯುವ ಸೀನು ಮಾತ್ರ ಬೇಡ. ನಮ್ಮವನು ಅದನ್ನೇ ಮಾಡಿದ, ಜಡ್ಜ್ ಆಗಿ ಕೂತಿದ್ದವರು ಅವರ ಹೆಡ್‌ಮಾಸ್ಟರೇ.

ಹಾಸನದ ಅಮ್ಮ:
ನಂಜಮ್ಮನೇ ಆಗಬೇಕಂತೆ. ಆದರೆ ನಿನ್ನೆಯಿಂದ ಒಂದೇ ಪ್ರಶ್ನೆ: ಬರೆಯೋದು ಇವಳು, ದುಡ್ಡು ಯಾರಿಗಮ್ಮ?

ಚನ್ನರಾಯಪಟ್ಟಣದಿಂದ:
ಗಂಡನಿಗೆ. ಈ ಪ್ರಶ್ನೆಯನ್ನೇ ಸ್ಟೇಜಿನ ಮೇಲೆ ಕೇಳಿಸಿ ನೋಡಿ. ರೂಲುದೊಣ್ಣೆ ಸಿಗದಿದ್ದರೆ ಹಿಡಿ ಇಲ್ಲದ ಲಟ್ಟಣಿಗೆ ನಡೆಯುತ್ತದೆ.