16 ಗರಿ, 480 ಬಾತುಕೋಳಿ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 31 ಜನ ಇದ್ದೇವೆ. ದಿನಾ ಮಾತಾಡುವವರು ಐದೇ ಜನ. ಉಳಿದವರು ಹುಟ್ಟುಹಬ್ಬಕ್ಕೊಂದು ಕೇಕಿನ ಚಿತ್ರ ಹಾಕಿ ಮಾಯವಾಗುತ್ತಾರೆ. 2024ರ ಆಗಸ್ಟ್ 5, ಸೋಮವಾರ ಸಂಜೆ ಆರು ಗಂಟೆಗೆ ಮಾತ್ರ ಎಲ್ಲರೂ ಎದ್ದು ಕೂತಿದ್ದರು. ಪ್ಯಾರಿಸ್ ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್‌ನಲ್ಲಿ ಲಕ್ಷ್ಯ ಸೇನ್ ಕಂಚಿನ ಪದಕಕ್ಕೆ ಆಡುತ್ತಿದ್ದ. ಎದುರಿಗೆ ಮಲೇಷ್ಯಾದ ಲೀ ಝೀ ಜಿಯಾ. ಹುಡುಗ ಅಲ್ಮೋರಾದವನಾದರೂ ಆಟದಲ್ಲಿ ಪಳಗಿದ್ದು ನಮ್ಮೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ. ಹಾಗಾಗಿ ನಮ್ಮವನೇ, ಅಲ್ವಾ?

ನಾನು ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದೆ. ಮೊಬೈಲ್‌ನಲ್ಲಿ ಮ್ಯಾಚ್ ಹಾಕಿಕೊಂಡಿದ್ದೆ. ಒಂದೇ ತೊಂದರೆ. ಪರದೆಯ ಮೇಲ್ಗಡೆ ಮೂಲೆಯಲ್ಲಿ ಸ್ಕೋರ್ ಬರುತ್ತದೆ. ವಾಟ್ಸಾಪ್ ಸಂದೇಶ ಬಂದರೆ ಅದೂ ಸರಿಯಾಗಿ ಅಲ್ಲೇ ಬಂದು ಕೂರುತ್ತದೆ.

ಮೊದಲ ಗೇಮ್ 21-13, ನಮ್ಮ ಹುಡುಗನಿಗೆ. ಗುಂಪಿನ ತುಂಬ ಚಪ್ಪಾಳೆ. ಹಿಂದಿನ ದಿನ ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್‌ನ ಅಕ್ಸೆಲ್ಸನ್ ಎದುರು 20-17ರಲ್ಲಿದ್ದು ಗೇಮ್ ಕಳೆದುಕೊಂಡಿದ್ದ, ಎರಡನೆಯದರಲ್ಲಿ 7-0 ಇದ್ದು ಮ್ಯಾಚನ್ನೇ ಕಳೆದುಕೊಂಡಿದ್ದ. ಆ ನೋವೆಲ್ಲ ಮರೆತಂತಾಯಿತು. ಎರಡನೇ ಗೇಮ್‌ನಲ್ಲೂ 8-3 ಮುಂದೆ. ಆಗ ಬಂತು ನೋಡಿ.

ಗಿರಿನಗರದ ಅತ್ತೆ: *ಷಟಲ್ ಆಡುವ ಮುನ್ನ ಯೋಚಿಸಿ!! ಒಂದು ಷಟಲ್ ಕಾಕ್‌ಗೆ 16 ಗರಿ. ಅಂದರೆ 16 ಬಾತುಕೋಳಿಗಳ ಪ್ರಾಣ! ಒಂದು ಮ್ಯಾಚ್‌ಗೆ 30 ಕಾಕ್. ಅಂದರೆ 480 ಮೂಕಪ್ರಾಣಿಗಳು!! 565 ಕಿ.ಮೀ. ವೇಗದಲ್ಲಿ ಬರುವ ಕಾಕ್ ನಿಮ್ಮ ಮಗುವಿನ ಕಣ್ಣಿಗೆ ತಗುಲಿದರೆ?? 10 ಜನರಿಗೆ ಕಳುಹಿಸಿ.*

ಮೇಲೆ ಎರಡು ಬಾಣದ ಗುರುತು ಇತ್ತು. ಊರೆಲ್ಲ ಸುತ್ತಿ ಬಂದ ಮಾಲು. ಅತ್ತೆ ಅದನ್ನು ಪೂರ್ತಿ ಓದಿರಲಿಲ್ಲ ಅಂತ ನನಗೆ ಖಾತ್ರಿ. ಅವರ ಮೊಮ್ಮಗ ಬನಶಂಕರಿಯಲ್ಲಿ ಷಟಲ್ ಕೋಚಿಂಗ್‌ಗೆ ಹೋಗುತ್ತಾನೆ. ಫೀಸು, ಶೂ, ಕಾಕ್ ಡಬ್ಬಿ ಎಲ್ಲದಕ್ಕೂ ಅತ್ತೆಯ ಪೆನ್ಶನ್ನಿನದೂ ಒಂದು ಪಾಲು ಹೋಗುತ್ತದೆ. ಬಾತುಕೋಳಿ ಸುಮ್ನೆ ನೆಪ.

ಬಸವನಗುಡಿ ಅಕ್ಕ: ಅತ್ತೆ, ಇದು ಎಲ್ಲಿಂದ ಬಂತು? ಯಾರು ಬರೆದಿದ್ದು?

ಅತ್ತೆ: ನಮ್ಮ ಭಜನೆ ಗುಂಪಲ್ಲಿ ಬಂತು ಕಣೆ. ಅವರೆಲ್ಲ ಓದಿರೋರು.

ಅಕ್ಕ ದೊಡ್ಡಪ್ಪನ ಮಗಳು. ಯಾವ ಫಾರ್ವರ್ಡ್ ಬಂದರೂ ಮೂಲ ಕೇಳುತ್ತಾಳೆ. ಮದುವೆ ಕಾಗದ ಹಾಕಿದರೂ ಮುಹೂರ್ತ ಯಾವ ಪಂಚಾಂಗದ್ದು ಅಂತ ಕೇಳುವವಳು. ಶುರು ಮಾಡಿದಳು.

ಅಕ್ಕ: 16 ಗರಿ ನಿಜ. ಆದ್ರೆ ಒಂದು ಹಕ್ಕಿಗೆ ಒಂದೇ ಗರಿ ಇರುತ್ತಾ? ಒಂದೇ ಕಡೆ ರೆಕ್ಕೆದು ಆರಿಸ್ತಾರೆ, ಎಲ್ಲಾ ಗರಿ ಒಂದೇ ಕಡೆ ಬಾಗಿರಬೇಕು, ಇಲ್ಲಾಂದ್ರೆ ಕಾಕ್ ಸರಿಯಾಗಿ ತಿರುಗಲ್ಲ. ಒಂದು ರೆಕ್ಕೆಲೇ ಹಲವು ಗರಿ ಸಿಗುತ್ತೆ. ಹೆಚ್ಚಿನವು ಮಾಂಸಕ್ಕೆ ಸಾಕಿದ ಹಕ್ಕಿಗಳದ್ದು.

ಅತ್ತೆ: ಅಂದ್ರೆ ಕೊಲ್ಲೋದು ನಿಜ ತಾನೆ?

ಅಕ್ಕ: 565 ಅನ್ನೋದು ನಮ್ಮ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ಹೊಡೆದಿದ್ದು. 2023ರ ಏಪ್ರಿಲ್‌ನಲ್ಲಿ, ಜಪಾನ್‌ನ ಒಂದು ಕಾರ್ಖಾನೆ ಜಿಮ್‌ನಲ್ಲಿ, ಗಿನ್ನೆಸ್ ದಾಖಲೆಗೆ ಅಂತಲೇ. ಮ್ಯಾಚ್‌ನಲ್ಲಲ್ಲ. ಅದೂ ರ‍್ಯಾಕೆಟ್ ಬಿಟ್ಟ ಕ್ಷಣದ ವೇಗ. ಗರಿಗೆ ಗಾಳಿ ತಡೆದು ನೆಟ್ ದಾಟೋಷ್ಟರಲ್ಲಿ ಎಷ್ಟೋ ಇಳಿದುಹೋಗಿರುತ್ತೆ. ಐದು ಗ್ರಾಂ ಆಸುಪಾಸಿನ ವಸ್ತು ಅತ್ತೆ ಅದು!

ಭಾವ: ನಮ್ಮನೇಲಿ ಅದಕ್ಕಿಂತ ಜೋರಾಗಿ ಲಟ್ಟಣಿಗೆ ಬರುತ್ತೆ 😂

ಇಷ್ಟೂ ಸಂದೇಶ ನನ್ನ ಸ್ಕೋರಿನ ಮೇಲೇ ಬಂದು ಕೂತಿದ್ದವು. ಅವು ಸರಿದಾಗ ನೋಡುತ್ತೇನೆ, ಲೀ ಮುಂದೆ ಹೋಗಿದ್ದಾನೆ. 8-3 ಎಲ್ಲಿ ಹೋಯಿತು? ಯಾವಾಗ ಹೋಯಿತು? ಪಕ್ಕದ ಸೀಟಿನವರೂ ನನ್ನ ಮೊಬೈಲ್‌ಗೇ ಬಗ್ಗಿದ್ದರು. "ಸಾರ್, ಆ ಮೆಸೇಜು ಸ್ವಲ್ಪ ಆಫ್ ಮಾಡಿ" ಅಂದರು. ಮಾಡಬೇಕಿತ್ತು. ಮಾಡಲಿಲ್ಲ. ಜಗಳವೂ ಬಿಡುವ ಹಾಗಿರಲಿಲ್ಲ.

ಪರದೆಯಲ್ಲಿ ಕೋಚ್ ಕುರ್ಚಿಯ ಕಡೆ ಕ್ಯಾಮೆರಾ ತಿರುಗಿತು. ಪ್ರಕಾಶ್ ಪಡುಕೋಣೆ, ವಿಮಲ್ ಕುಮಾರ್. ಮಲ್ಲೇಶ್ವರದ ದೊಡ್ಡಪ್ಪನಿಗೆ ಅಷ್ಟು ಸಾಕಾಯಿತು.

ದೊಡ್ಡಪ್ಪ: ನೋಡಿ, ಪ್ರಕಾಶ್ ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ. ಈಗಿನ ಹುಡುಗರಿಗೆ ಆ ಶಾಂತಿ ಎಲ್ಲಿದೆ? ಅವರು ಕೆನರಾ ಯೂನಿಯನ್ ಮದುವೆ ಹಾಲ್‌ನಲ್ಲಿ ಕಲಿತವರು. ಮದುವೆ ಇದ್ದ ದಿನ ಪ್ರಾಕ್ಟೀಸ್ ಇಲ್ಲ. ಎಸಿ ಇಲ್ಲ, ಫಿಸಿಯೋ ಇಲ್ಲ. ಅವರು ಇನ್ನೂ ಹುಡುಗ, ನ್ಯಾಷನಲ್ಸ್‌ಗೆ ತಯಾರಾಗ್ತಿದ್ರು. ಆಗ ನಾನೇ ಒಂದು ಸಲ ಕಾಕ್ ಎತ್ತಿ ಕೊಟ್ಟಿದ್ದೆ.

ಈ ಕಥೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಚಿಕ್ಕವನಿದ್ದಾಗ ದೊಡ್ಡಪ್ಪ ಪ್ರಕಾಶರ ಆಟವನ್ನು ರಸ್ತೆಯಿಂದ ನೋಡಿದ್ದರು. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಕಿಟಕಿಯಿಂದ ನೋಡಿದ್ದರು. ನನ್ನ ಮದುವೆ ಹೊತ್ತಿಗೆ ಹಾಲ್ ಒಳಗೆ ಬೆಂಚಿನ ಮೇಲೆ ಕೂತಿದ್ದರು. ಈಗ ಕಾಕ್ ಎತ್ತಿಕೊಟ್ಟಿದ್ದಾರೆ. ಇನ್ನೈದು ವರ್ಷ ಹೋದರೆ ಡಬಲ್ಸ್ ಆಡಿರುತ್ತಾರೆ.

ಅಕ್ಕ: ಅಪ್ಪ, ಪ್ರಕಾಶ್ ನ್ಯಾಷನಲ್ಸ್ ಗೆದ್ದಿದ್ದು 1971ರಲ್ಲಿ. ಆಗ 16 ವರ್ಷ. ನೀವು ಹಾಸನದಿಂದ ಬೆಂಗಳೂರಿಗೆ ಬಂದಿದ್ದೇ 74ರಲ್ಲಿ.

ದೊಡ್ಡಪ್ಪ: ವಿಷಯ ಅದಲ್ಲ. ವಿಷಯ ಶಿಸ್ತು.

ಮೈಸೂರು ಚಿಕ್ಕಪ್ಪ: ಹಾಸನ ಅಂದ್ರಲ್ಲ, ನಮ್ಮ ಮನೆ ಹಿಂದೆ ಬಾಲ್ ಬ್ಯಾಡ್ಮಿಂಟನ್ ಆಡ್ತಿದ್ದಿದ್ದು ನೆನಪಿದೆಯಾ ಅಣ್ಣ? ಉಣ್ಣೆದು ಹಳದಿ ಚೆಂಡು. ಒಂದು ಕಡೆಗೆ ಐದು ಜನ. 29 ಪಾಯಿಂಟ್. ಗಾಳಿ ಬಂದ್ರೂ ಚೆಂಡು ಅಲ್ಲಾಡ್ತಿರಲಿಲ್ಲ. ಯಾವ ಕೋಳಿನೂ ಸಾಯ್ತಿರಲಿಲ್ಲ. ಮಳೇಲಿ ನೆನೆದ ಚೆಂಡನ್ನ ಅಮ್ಮ ಒಲೆ ಮೇಲೆ ಒಣಗಿಸಿ ಕೊಡೋರು.

ಅತ್ತೆ: ಹಾಗೆ ಒಣಗಿಸೋಕೆ ಹೋಗಿ ಒಂದು ಸುಟ್ಟುಹೋಯ್ತು. ಬೈಸಿಕೊಂಡಿದ್ದು ನಾನು.

ಎರಡನೇ ಗೇಮ್ 16-21. ಹೋಯಿತು. ಮೂರನೆಯದಕ್ಕೆ ಲಕ್ಷ್ಯನ ಬಲ ಮೊಣಕೈಯಿಂದ ರಕ್ತ. ಬಟ್ಟೆ ಸುತ್ತುತ್ತಾರೆ, ಆಡುತ್ತಾನೆ, ಮತ್ತೆ ರಕ್ತ, ಮತ್ತೆ ಆಟ ನಿಲ್ಲುತ್ತದೆ. ಕೋರ್ಟ್ ಒರೆಸುತ್ತಾರೆ. ನಮ್ಮ ಗುಂಪಿನಲ್ಲಿ ಆ ಕೈಯ ಬಗ್ಗೆ ಒಬ್ಬರೂ ಒಂದು ಮಾತು ಬರೆಯಲಿಲ್ಲ.

ಅಕ್ಕ: ಅತ್ತೆ, ನೀವೂ ಕಾಲೇಜಲ್ಲಿ ಷಟಲ್ ಆಡ್ತಿದ್ರಲ್ಲ. ಆಗಿನ ರ‍್ಯಾಕೆಟ್‌ಗೆ ಗಟ್ಟಿಂಗ್, ಅದೇ ಬಲೆಯ ಎಳೆ, ಹಾಕಿಸ್ತಿದ್ರಲ್ಲ, ಗಟ್ ಅಂದ್ರೆ ಏನು ಗೊತ್ತಾ? ಕರುಳು. ಕುರಿ ಕರುಳಿಂದ ಮಾಡ್ತಿದ್ರು.

ಐದು ನಿಮಿಷ ಗುಂಪು ಸ್ತಬ್ಧ. ಅತ್ತೆ ಏಕಾದಶಿಗೆ ಬೆಳ್ಳುಳ್ಳಿ ಡಬ್ಬಿಯನ್ನೂ ಮುಟ್ಟದವರು.

ಅತ್ತೆ: ನನಗೆ ಯಾರೂ ಹೇಳಿರಲಿಲ್ಲ.

ಅತ್ತೆ: ಆ ರ‍್ಯಾಕೆಟ್ ನನ್ನ ಹತ್ರ ಎಷ್ಟು ದಿನ ಇತ್ತು ಅಂತ ನಿಮ್ಮಪ್ಪನ್ನ ಕೇಳು. 1980. ಮಾರ್ಚ್‌ನಲ್ಲಿ ಪ್ರಕಾಶ್ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಮೆಂಟ್ ಗೆದ್ರು. ಫೈನಲಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ನ 15-3, 15-10. ನನಗೆ ಇವತ್ತಿಗೂ ಬಾಯಿಗೆ ಬರುತ್ತೆ. ಅಣ್ಣ ಮಲ್ಲೇಶ್ವರದಲ್ಲಿ ಕಂಡಕಂಡವರಿಗೆಲ್ಲ ಪೇಡ ಹಂಚಿದ. ಅದೇ ವರ್ಷ ಧಾರವಾಡದಲ್ಲಿ ನಮ್ಮ ಕಾಲೇಜಿನ ಟೂರ್ನಮೆಂಟ್ ಇತ್ತು. ರಾತ್ರಿ ರೈಲಲ್ಲಿ ಹೆಣ್ಣುಮಕ್ಕಳು ಹೋಗೋದು ಬೇಡ ಅಂದ. ಅಲ್ಲಿಗೆ ಮುಗೀತು. ಇನ್ನು ನಿನಗ್ಯಾಕೆ ಅಂತ ತಮ್ಮ ರ‍್ಯಾಕೆಟ್ ಎತ್ಕೊಂಡು ಹೋದ.

ಚಿಕ್ಕಪ್ಪ: ಅಕ್ಕ, ನೀನೇ ಕೊಟ್ಟಿದ್ದು.

ಅತ್ತೆ: ಒಂದು ವಾರಕ್ಕೆ ಕೊಟ್ಟಿದ್ದು.

ಭಾವ ಏನೋ ಹಾಕಿ ಅಳಿಸಿದರು. ಜಾಣರು. ದೊಡ್ಡಪ್ಪನ ಹೆಸರಿನ ಕೆಳಗೆ 'ಟೈಪಿಂಗ್' ಅಂತ ಬಂತು, ನಿಂತಿತು, ಮತ್ತೆ ಬಂತು, ನಿಂತಿತು.

ನಾನು ಮ್ಯಾಚಿಗೆ ವಾಪಸ್ ಬಂದೆ. ಇಬ್ಬರೂ ನೆಟ್ ಹತ್ತಿರ ಕೈ ಕುಲುಕುತ್ತಿದ್ದರು. 11-21. ಒಲಿಂಪಿಕ್ಸ್ ಸಿಂಗಲ್ಸ್‌ನಲ್ಲಿ ಸೆಮಿಫೈನಲ್ ತಲುಪಿದ ಮೊದಲ ಭಾರತೀಯ ಪುರುಷ ಅವನೇ, ಕೊನೆಗೆ ನಾಲ್ಕನೇ ಸ್ಥಾನ. ಪಕ್ಕದ ಸೀಟಿನವರು ಎಚ್‌ಎಸ್‌ಆರ್‌ನಲ್ಲಿ ಇಳಿದುಹೋಗಿದ್ದರು. ಸೋತದ್ದು ಯಾವ ಹೊಡೆತಕ್ಕೆ ಅಂತ ಕೇಳಲೂ ಯಾರಿರಲಿಲ್ಲ.

ಅತ್ತೆ: ಏನಾಯ್ತು ಮ್ಯಾಚು?

ನಾನು: ಸೋತ.

ಅತ್ತೆ: ಪಾಪ.

ಮ್ಯಾಚ್ ಮುಗಿದ ಮೇಲೆ, ಆಟಗಾರರೂ ಹೊಣೆ ಹೊರಬೇಕು ಎಂಬರ್ಥದಲ್ಲಿ ಪ್ರಕಾಶ್ ಮಾತಾಡಿದ್ದು ಸುದ್ದಿಯಾಯಿತು. ಬೇರೆ ದಿನವಾಗಿದ್ದರೆ ದೊಡ್ಡಪ್ಪ ಅದನ್ನು ಮೂರು ಸಲ ಹಾಕಿ, ಕೆಳಗೆ ನಮಗೆಲ್ಲ ಒಂದೊಂದು ಪಾಠ ಬರೆಯುತ್ತಿದ್ದರು. ಅವತ್ತು ಹಾಕಲಿಲ್ಲ. ರಾತ್ರಿ ಹತ್ತೂವರೆಗೆ ಅತ್ತೆಯ ಉದ್ದ ಸಂದೇಶಕ್ಕೆ ಉತ್ತರ ಅಂತ ಗುರುತು ಮಾಡಿ, ಒಂದೇ ಸಾಲು ಬರೆದರು.

ದೊಡ್ಡಪ್ಪ: ಊಟ ಆಯ್ತಾ?

ನೀಲಿ ಗುರುತು ಬಂತು. ಉತ್ತರ ಬರಲಿಲ್ಲ.

ಬೆಳಗ್ಗೆ ಏಳಕ್ಕೆ ಚಿಕ್ಕಪ್ಪ ಒಂದು ಫೋಟೋ ಹಾಕಿದರು. ಹಳೇ ಪತ್ರಿಕೆ ಹಾಸಿ ಅದರ ಮೇಲೆ ರ‍್ಯಾಕೆಟ್. ಮರದ್ದು. ಸುತ್ತ ಅದು ಬಾಗದ ಹಾಗೆ ಬಿಗಿಹಿಡಿಯುವ ಮರದ ಪ್ರೆಸ್ಸು, ಮೂಲೆಗಳಲ್ಲಿ ಕಿವಿ ಇರುವ ಸ್ಕ್ರೂಗಳು. ಮಧ್ಯದಲ್ಲಿ ಗಟ್ಟು ಹರಿದು ಎರಡು ಮೂರು ಎಳೆ ಸುರುಳಿ ಸುತ್ತಿಕೊಂಡಿದ್ದವು. ಅಟ್ಟದಿಂದ ಇಳಿಸಿದ್ದಂತೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಹಿಡಿಕೆಯ ಮೇಲ್ಗಡೆ ಮರದ ಮೇಲೆ ಶಾಯಿಯಲ್ಲಿ ಬರೆದ ಒಂದು ಅಕ್ಷರ, ಅರ್ಧ ಅಳಿಸಿದೆ. ಅತ್ತೆಯ ಹೆಸರಿನ ಮೊದಲಕ್ಷರ.

ಚಿಕ್ಕಪ್ಪ: ಭಾನುವಾರ ತರ್ತೀನಿ ಅಕ್ಕ. ಪಾಪುಗೆ ತೋರಿಸು.

ದೊಡ್ಡಪ್ಪ ಹೆಬ್ಬೆರಳು ಒತ್ತಿದರು. ಅಕ್ಕ ಹೃದಯ ಒತ್ತಿದಳು. ವರ್ಷಕ್ಕೊಮ್ಮೆ ಕೇಕ್ ಹಾಕುವವರೂ ಎಲ್ಲಿಂದಲೋ ಬಂದು ಹೃದಯ ಒತ್ತಿದರು. ಅತ್ತೆ ಸುಮಾರು ಹೊತ್ತು ಆನ್‌ಲೈನ್‌ನಲ್ಲೇ ಇದ್ದರು.

ಅತ್ತೆ: ಪ್ರೆಸ್ಸಿಗೆ ನಾಲ್ಕು ಸ್ಕ್ರೂ ಇತ್ತು. ಇದರಲ್ಲಿ ಮೂರೇ ಇದೆ.